ತೊಗರಿಯ ಬೇರಿನ ಗಂಟು

ಯಾದಗಿರಿ, ಶಹಾಪುರ, ಸುರಪುರಗಳ ಎರೆಭೂಮಿಯಲ್ಲಿ ಎಳೆಯ ತೊಗರಿ ಗಿಡವೊಂದನ್ನು ಮೆಲ್ಲನೆ ಅಗೆದು ತೆಗೆದರೆ, ಅದರ ಬೇರುಗಳಲ್ಲಿ ಸಣ್ಣ ಸಣ್ಣ ಗಂಟುಗಳು ಕಾಣುವುವು. ಒಂದನ್ನು ಉಗುರಿನಿಂದ ಸೀಳಿದರೆ ಒಳಗೆ ನಸುಗೆಂಪು. ಇದು ರೋಗವಲ್ಲ, ಹೊಲದ ಭಾಗ್ಯವು ಅಡಗಿರುವ ಗಂಟು.

ಗಾಳಿಯಲ್ಲಿ ನೂರಕ್ಕೆ 78 ಪಾಲು ಸಾರಜನಕವುಂಟು. ಆದರೂ ಪೈರು ಅದನ್ನು ನೇರವಾಗಿ ಉಣ್ಣಲಾರದು. ಅದರ ಎರಡೆರಡು ಪರಮಾಣುಗಳು ಅಷ್ಟು ಬಿಗಿಯಾಗಿ ಬೆಸೆದುಕೊಂಡಿರುವುವು. ಹಾಗಾದರೆ ದ್ವಿದಳ ಧಾನ್ಯ ಬೆಳೆದ ನೆಲಕ್ಕೆ ಸಾರ ಬರುವುದೆಲ್ಲಿಂದ? ಗಾಳಿಯಿಂದಲೇ ಇರಬೇಕೆಂದು ಫ್ರಾನ್ಸಿನ ಬೂಸಿಂಗೋ ಎಂಬವರು 1838ರಲ್ಲಿ ಊಹಿಸಿದರು. ಇತ್ತ 1858ರಲ್ಲಿ ಸುರಪುರದ ರಾಜಾ ವೆಂಕಟಪ್ಪ ನಾಯಕರು ಇಂಗ್ಲಿಷರ ಎದುರು ನಿಂತರು. ಅದೇ ಸುಮಾರಿಗೆ ಅತ್ತ ಇಂಗ್ಲೆಂಡಿನ ರಾಥಮ್‌ಸ್ಟೆಡ್‌ನಲ್ಲಿ ನಡೆದ ಪ್ರಯೋಗವು ಆ ಊಹೆಯನ್ನು ಅಲ್ಲಗಳೆಯಿತು. ಪಂಡಿತರು ಎಚ್ಚರಿಕೆಯಿಂದ ಮಣ್ಣನ್ನು ಕಾಯಿಸಿ ಶುದ್ಧಗೊಳಿಸಿದ್ದರು. ಆ ಶುದ್ಧಿಯಲ್ಲಿ ಕೆಲಸಗಾರರೇ ಸತ್ತುಹೋಗಿದ್ದರು!

ಈ ಗುಟ್ಟು 1886ರಲ್ಲಿ ಬಯಲಾಯಿತು. ಜರ್ಮನಿಯ ಹೆಲ್‌ರೀಗೆಲ್, ವಿಲ್ಫಾರ್ತ್ ಎಂಬಿಬ್ಬರು ಕಾಯಿಸಿದ ಮರಳಿಗೆ ಹೊಲದ ಮಣ್ಣಿನ ತಿಳಿನೀರನ್ನು ಎರೆಯಲು, ಬಟಾಣಿಯ ಬೇರು ಗಂಟುಕಟ್ಟಿ ಗಿಡ ಚಿಗುರಿತು. 1888ರಲ್ಲಿ ಹಾಲೆಂಡಿನ ಬೈಯರಿಂಕ್ ಅವರು ಆ ಗಂಟಿನ ಜೀವಾಣುವನ್ನು ಬೇರ್ಪಡಿಸಿದರು. ಗಿಡವು ಅದಕ್ಕೆ ಸಕ್ಕರೆಯನ್ನು ಕೊಡುವುದು. ಅದು ಗಾಳಿಯ ಸಾರಜನಕವನ್ನು ಅಮೋನಿಯವನ್ನಾಗಿ ಮಾಡಿ ಗಿಡಕ್ಕೆ ಉಣಿಸುವುದು.

ಉದುರಿದ ಎಲೆ, ಉಳಿದ ಬೇರು ಕೊಳೆತಾಗ ಆ ಸಾರವು ಮಣ್ಣಿಗೆ ಸೇರುವುದು. ಬೇರೆ ಜೀವಾಣುಗಳು ಅದನ್ನು ಮುಂದಿನ ಜೋಳಕ್ಕೆ ಒಗ್ಗುವ ನೈಟ್ರೇಟನ್ನಾಗಿ ಮಾಡುವುವು. ನೀರು ನಿಂತು ಉಸಿರುಕಟ್ಟಿದ ಮಣ್ಣಿನಲ್ಲಿಯಾದರೋ, ಮತ್ತೊಂದು ಬಗೆಯ ಜೀವಾಣುಗಳು ನೈಟ್ರೇಟನ್ನು ಮುರಿದು ಸಾರಜನಕವನ್ನು ಪುನಃ ಗಾಳಿಗೆ ಬಿಟ್ಟುಬಿಡುವುವು. ಚಕ್ರವು ಹೀಗೆ ತಿರುಗುತ್ತಿರುವುದು.

ಇದು ನಮಗೆ ಕೇವಲ ಪಾಠವಲ್ಲ. ನಾರಾಯಣಪುರದ ಅಣೆಕಟ್ಟಿನಿಂದ ಕೃಷ್ಣೆಯ ನೀರು ಬಂದ ಮೇಲೆ ಶಹಾಪುರ, ಸುರಪುರಗಳ ಎಷ್ಟೋ ಹೊಲಗಳು ಭತ್ತದ ಗದ್ದೆಗಳಾದುವು. ನೀರು ಬಂದುದು ಪುಣ್ಯವೇ ಸರಿ. ಆದರೆ ತೊಗರಿಯು ಬಿಟ್ಟಿಯಾಗಿ ತರುತ್ತಿದ್ದುದನ್ನು ರೈತನು ಈಗ ಚೀಲದ ಯೂರಿಯಾ ಆಗಿ ಕೊಳ್ಳಬೇಕು; ಅದರಲ್ಲಿಯೂ ಒಂದು ಪಾಲು ನಿಂತ ನೀರಿನಿಂದ ಗಾಳಿಗೆ ಹೋಗುವುದು. ಭತ್ತವೇ ಬೇಡವೆಂದು ನಾನು ಹೇಳುತ್ತಿಲ್ಲ. ಸರದಿಯಲ್ಲಿ ಒಂದು ದ್ವಿದಳ ಬೆಳೆಗೆ ಎಡೆಯಿರಲಿ ಎಂಬುದಷ್ಟೇ ನನ್ನ ಬಿನ್ನಹ. ಕಣ್ಣಿಗೆ ಕಾಣದ ಈ ಒಕ್ಕಲು ಕೂಲಿ ಕೇಳದು. ಇರಲು ಒಂದು ಬೇರನ್ನು ಮಾತ್ರ ಕೇಳುವುದು.