ಉಕ್ಕಿನ ಕಟ್ಟಡ ರಚನೆಗಳು: ಕಾರ್ಯವಿಧಾನ, ಅನುಕೂಲಗಳು ಹಾಗೂ ಕೃಷ್ಣಾ ತೀರದ ತಾಲೂಕುಗಳಲ್ಲಿ ವಹಿಸಬೇಕಾದ ಎಚ್ಚರಿಕೆ

ಪೀಠಿಕೆ

ಬೆಳಗಾವಿ ಜಿಲ್ಲೆಯ ಚಿಕ್ಕೋಡಿ, ನಿಪ್ಪಾಣಿ, ರಾಯಬಾಗ, ಅಥಣಿ ಮತ್ತು ಕಾಗವಾಡ ತಾಲೂಕುಗಳು ಕಬ್ಬಿನ ಬೆಳೆಗೆ ಹೆಸರಾದವು. 1939ರಲ್ಲಿ ಸ್ಥಾಪನೆಯಾದ ಉಗಾರ ಸಕ್ಕರೆ ಕಾರ್ಖಾನೆಯು ಇಂದಿನ ಕಾಗವಾಡ ತಾಲೂಕಿನ ಉಗಾರ ಖುರ್ದದಲ್ಲಿದೆ. ತರುವಾಯದ ದಶಕಗಳಲ್ಲಿ ಸಹಕಾರಿ ಹಾಗೂ ಖಾಸಗಿ ವಲಯದ ಹಲವು ಕಾರ್ಖಾನೆಗಳು ಈ ಭಾಗದಲ್ಲಿ ತಲೆಯೆತ್ತಿದವು. ಕಬ್ಬು ಅರೆಯುವ ಗಿರಣಿಯ ಮೇಲೆ ಭಾರದ ಕ್ರೇನ್ ಓಡಾಡಬೇಕು, ನಡುವೆ ಕಂಬ ಅಡ್ಡ ಬರಬಾರದು. ಇಂತಹ ವಿಶಾಲ ಅಂಕಣವನ್ನು ಉಕ್ಕಿನ ಚೌಕಟ್ಟು ಸುಲಭವಾಗಿ ಒದಗಿಸುತ್ತದೆ. ಕಾರ್ಖಾನೆಗಳಿಗೆ ಮೀಸಲಾಗಿದ್ದ ಈ ಪದ್ಧತಿಯು ಇಂದು ಗೋದಾಮು, ಕಲ್ಯಾಣ ಮಂಟಪ, ಬೆಲ್ಲದ ಗಾಣ, ದನದ ಕೊಟ್ಟಿಗೆಗಳವರೆಗೂ ಬಂದಿದೆ. ಜನಸಾಮಾನ್ಯರು ಇವನ್ನು ‘ಪತ್ರಾಸ ಶೆಡ್ಡು’ ಎನ್ನುವರು.

ಕಾರ್ಯವಿಧಾನ

ಕಲ್ಲು, ಇಟ್ಟಿಗೆ ಮತ್ತು ಕಾಂಕ್ರೀಟುಗಳು ಒತ್ತಡವನ್ನು ಚೆನ್ನಾಗಿ ತಾಳಿಕೊಳ್ಳುತ್ತವೆಯಾದರೂ ಎಳೆತಕ್ಕೆ ಬೇಗ ಬಿರಿಯುತ್ತವೆ. ಉಕ್ಕು ಎರಡನ್ನೂ ಸಮನಾಗಿ ತಾಳುತ್ತದೆ. ನೆರೆಯ ಗೋಕಾಕ ಜಲಪಾತದ ಬಳಿ ಸುಮಾರು 200 ಮೀಟರ್ ಉದ್ದದ ತೂಗುಸೇತುವೆಯನ್ನು ಕಂಡವರಿಗೆ, ಲೋಹದ ಹುರಿಗಳು ಎಳೆತದಿಂದಲೇ ಭಾರ ಹೊರುವ ಬಗೆಯನ್ನು ಬೇರೆಯಾಗಿ ವಿವರಿಸಬೇಕಿಲ್ಲ.

ತೊಲೆಯೊಂದರ ಮೇಲೆ ಭಾರ ಬಿದ್ದಾಗ ಅದರ ಮೇಲಂಚು ಒತ್ತಿಕೊಳ್ಳುತ್ತದೆ, ಕೆಳಅಂಚು ಹಿಗ್ಗುತ್ತದೆ. ನಡುಭಾಗಕ್ಕೆ ಬಾಗುವಿಕೆಯ ಶ್ರಮ ಕಡಿಮೆ. ಆದುದರಿಂದ ಲೋಹವನ್ನು ಎರಡು ಅಂಚುಗಳಿಗೆ ಹಂಚಿ ನಡುವನ್ನು ತೆಳುವಾಗಿರಿಸಲಾಗುತ್ತದೆ. ‘ಐ’ ಆಕಾರದ ತೊಲೆಯ ಗುಟ್ಟು ಇದೇ. ಟ್ರಸ್‌ನಲ್ಲಿ ಬಿಡಿ ಸರಳುಗಳನ್ನು ತ್ರಿಕೋನಗಳಾಗಿ ಜೋಡಿಸಲಾಗುತ್ತದೆ. ಚೌಕವು ಓರೆಯಾಗಬಲ್ಲದು, ತ್ರಿಕೋನವು ಬಾಹುಗಳ ಉದ್ದ ಬದಲಾಗದೆ ಆಕಾರ ಕೆಡಿಸಿಕೊಳ್ಳದು. ಆದರೆ ಉದ್ದವಾದ ಸಪೂರ ಕಂಬವು ಒತ್ತಡಕ್ಕೆ ಸಿಕ್ಕಾಗ ಉಕ್ಕಿನ ಪೂರ್ಣ ಬಲ ಮುಗಿಯುವ ಮೊದಲೇ ಪಕ್ಕಕ್ಕೆ ಬಾಗಿ ಸೋಲುತ್ತದೆ. ಕಂಬಗಳ ನಡುವೆ ಕಾಣುವ ಕರ್ಣ ಸರಳುಗಳು ಅಲಂಕಾರಕ್ಕಲ್ಲ. ಹಣ ಉಳಿಸಲೆಂದು, ಇಲ್ಲವೆ ಟ್ರ್ಯಾಕ್ಟರ್ ಒಳಗೆ ಬರಲೆಂದು ಅವನ್ನು ಕತ್ತರಿಸಿ ತೆಗೆಯುವುದು ಅಪಾಯಕಾರಿ.

ಅನುಕೂಲಗಳು

ಬಿಡಿಭಾಗಗಳನ್ನು ಕಾರ್ಯಾಗಾರದಲ್ಲಿ ಸಿದ್ಧಪಡಿಸುತ್ತಿರುವಾಗಲೇ ಸ್ಥಳದಲ್ಲಿ ಬುನಾದಿ ಕೆಲಸ ನಡೆಯಬಹುದು. ಬಳಿಕ ಜೋಡಣೆಗೆ ಹೆಚ್ಚು ದಿನ ಹಿಡಿಯದು. ಒಂದು ಹಂಗಾಮು ಮುಗಿದು ಮುಂದಿನ ಹಂಗಾಮು ಆರಂಭವಾಗುವುದರೊಳಗೆ ವಿಸ್ತರಣೆ ಮುಗಿಸಬೇಕಾದ ಸಕ್ಕರೆ ಕಾರ್ಖಾನೆಗೆ ಇದು ದೊಡ್ಡ ಅನುಕೂಲ. ಬೋಲ್ಟಿನಿಂದ ಜೋಡಿಸಿದ ಕಟ್ಟಡವನ್ನು ಬಿಚ್ಚಿ ಬೇರೆಡೆ ನಿಲ್ಲಿಸಬಹುದು. ಬಳಕೆ ಮುಗಿದರೂ ಉಕ್ಕಿಗೆ ಬೆಲೆ ಇರುತ್ತದೆ, ಕರಗಿಸಿ ಮರುಬಳಕೆ ಮಾಡಲಾಗುತ್ತದೆ. ಮಿತಿಮೀರಿದ ಭಾರ ಬಿದ್ದಾಗ ಉಕ್ಕು ಸಾಮಾನ್ಯವಾಗಿ ಮೊದಲು ಬಾಗುತ್ತದೆ. ಭೂಕಂಪದ ಸಂದರ್ಭದಲ್ಲಿ ಈ ಗುಣವು ಜೀವ ಉಳಿಸಬಲ್ಲದು.

ಗಾಳಿ ಮತ್ತು ಬುನಾದಿ

ಹಗುರವಾಗಿರುವುದು ಉಕ್ಕಿನ ಕಟ್ಟಡದ ಹೆಗ್ಗಳಿಕೆ. ಆದರೆ ಚಾವಣಿ ಹಾರಿಹೋಗಲು ಕಾರಣವೂ ಅದೇ. ಅರ್ಧ ಮಿಲಿಮೀಟರ್ ದಪ್ಪದ ತಗಡು ಚದರ ಮೀಟರಿಗೆ ಸುಮಾರು 5 ಕಿಲೋಗ್ರಾಂ ತೂಗುತ್ತದೆ. ಗಂಟೆಗೆ 120 ಕಿಲೋಮೀಟರ್ ವೇಗದ ಗಾಳಿಯ ಒತ್ತಡವು ಅಷ್ಟೇ ಜಾಗಕ್ಕೆ ಸುಮಾರು 68 ಕಿಲೋಗ್ರಾಂ ಭಾರಕ್ಕೆ ಸಮ. ಒಂದು ಬದಿ ತೆರೆದಿರುವ ಶೆಡ್ಡಿನಲ್ಲಿ ಗಾಳಿಯು ಒಳಗಿನಿಂದ ಚಾವಣಿಯನ್ನು ಎತ್ತುತ್ತದೆ, ಹೊರಗಿನಿಂದ ಹೀರುತ್ತದೆ. ಆಗ ಕಟ್ಟಡವನ್ನು ಉಳಿಸುವುದು ತಗಡಿನ ಕೊಕ್ಕೆ, ಪರ್ಲಿನ್ನಿನ ಬೋಲ್ಟು, ಕಂಬದ ಬುಡದ ಬುನಾದಿ ಬೋಲ್ಟು ಇವುಗಳ ಸರಪಣಿ ಮಾತ್ರ. ಇವುಗಳಲ್ಲಿ ಒಂದು ಸಡಿಲವಿದ್ದರೂ ಉಳಿದವುಗಳ ಬಲ ವ್ಯರ್ಥ. ತಗಡಿನ ಮೇಲೆ ಕಲ್ಲು ಹೇರುವ ರೂಢಿಯಿಂದ ರಕ್ಷಣೆಯಿಲ್ಲ. ಬಿರುಗಾಳಿಯಲ್ಲಿ ಆ ಕಲ್ಲೇ ಕೆಳಗಿದ್ದವರ ತಲೆಗೆ ಎರವಾಗುತ್ತದೆ.

ಎರೆಮಣ್ಣಿನಲ್ಲಿ ಮತ್ತೊಂದು ತೊಡಕಿದೆ. ಈ ಮಣ್ಣು ಮಳೆಗಾಲದಲ್ಲಿ ಉಬ್ಬಿ ಬೇಸಿಗೆಯಲ್ಲಿ ಬಿರಿಯುತ್ತದೆ. ಭಾರವಾದ ಕಟ್ಟಡ ಅದನ್ನು ಒಂದಿಷ್ಟು ಒತ್ತಿ ಹಿಡಿಯುತ್ತದೆ, ಹಗುರ ಕಟ್ಟಡವನ್ನು ಮಣ್ಣೇ ಮೇಲಕ್ಕೆ ಎತ್ತುತ್ತದೆ. ಶೆಡ್ಡು ಹಗುರ, ಬುನಾದಿ ಮೇಲುಮೇಲೆ ಸಾಕು ಎಂಬ ತಿಳಿವಳಿಕೆ ತಪ್ಪು. ಉಬ್ಬುವ ಪದರವನ್ನು ದಾಟಿ, ಗಾಳಿಯ ಎಳೆತಕ್ಕೂ ಸಾಲುವಷ್ಟು ತೂಕದ ಬುನಾದಿ ಅವಶ್ಯ.

ಪ್ರವಾಹ, ತುಕ್ಕು ಮತ್ತು ಬೆಂಕಿ

ಕೃಷ್ಣಾ, ದೂಧಗಂಗಾ, ವೇದಗಂಗಾ ನದಿಗಳು 2005, 2019 ಮತ್ತು 2021ರಲ್ಲಿ ಉಕ್ಕಿ ಹರಿದವು. 2019ರಲ್ಲಿಯೂ 2021ರಲ್ಲಿಯೂ ನಿಪ್ಪಾಣಿ ಬಳಿಯ ಯಮಗರ್ಣಿಯಲ್ಲಿ ರಾಷ್ಟ್ರೀಯ ಹೆದ್ದಾರಿಯ ಮೇಲೆ ನೀರು ಬಂದು ಸಂಚಾರ ಸ್ಥಗಿತಗೊಂಡಿತ್ತು. ನೆರೆ ಇಳಿದ ಮೇಲೆ ಉಕ್ಕಿನ ಕಂಬ ಮೇಲ್ನೋಟಕ್ಕೆ ಗಟ್ಟಿಯಾಗಿಯೇ ಕಾಣುತ್ತದೆ. ಬುಡದ ಫಲಕದ ಸುತ್ತ ಕೂತ ಹಸಿ ರಾಡಿಯೊಳಗೆ ತುಕ್ಕು ಸದ್ದಿಲ್ಲದೆ ಬೆಳೆಯುತ್ತಿರುತ್ತದೆ. ರಾಡಿ ತೆಗೆದು, ತೊಳೆದು ಒಣಗಿಸಿ, ತುಕ್ಕು ಕೆರೆದು, ತುಕ್ಕುನಿರೋಧಕ ಬಣ್ಣ ಹಚ್ಚಿ, ಬೋಲ್ಟುಗಳನ್ನು ಬಿಗಿಗೊಳಿಸತಕ್ಕದ್ದು. ಬೋಲ್ಟು ಸವೆದು ತೆಳುವಾಗಿದ್ದಲ್ಲಿ ಬಣ್ಣ ಬಳಿದು ಮುಚ್ಚದೆ ತಜ್ಞರ ಸಲಹೆಯಂತೆ ಬದಲಿಸಬೇಕು. ಹೊಸದಾಗಿ ಕಟ್ಟುವವರು ಕಂಬದ ಬುಡವನ್ನು ನೆಲಮಟ್ಟಕ್ಕಿಂತ ಎತ್ತರದ ಕಾಂಕ್ರೀಟ್ ಪೀಠದ ಮೇಲೆ ನಿಲ್ಲಿಸುವುದು ಲೇಸು.

ಉಕ್ಕು ಉರಿಯದು, ಆದರೆ ಸುಮಾರು 550 ರಿಂದ 600 ಡಿಗ್ರಿ ಸೆಲ್ಸಿಯಸ್ ಶಾಖದಲ್ಲಿ ತನ್ನ ಬಲದ ಅರ್ಧದಷ್ಟನ್ನು ಕಳೆದುಕೊಳ್ಳುತ್ತದೆ. ಕಬ್ಬಿನ ಸಿಪ್ಪೆ, ರವದಿ, ತಂಬಾಕು ಸಂಗ್ರಹಿಸುವವರು ದಾಸ್ತಾನನ್ನು ಕಂಬಗಳಿಗೆ ತಾಗಿಸಿ ಒಟ್ಟಬಾರದು.

ವಿನ್ಯಾಸ ಹಾಗೂ ಪರವಾನಗಿ

ಉಕ್ಕಿನ ರಚನೆಗಳ ವಿನ್ಯಾಸಕ್ಕೆ ಭಾರತೀಯ ಮಾನಕ ಐಎಸ್ 800:2007, ಗಾಳಿಯ ಭಾರಕ್ಕೆ ಐಎಸ್ 875 ಭಾಗ 3 (2015), ಉಕ್ಕಿನ ಗುಣಮಟ್ಟಕ್ಕೆ ಐಎಸ್ 2062 ಅನ್ವಯಿಸುತ್ತವೆ. ವೆಲ್ಡಿಂಗ್ ಅಂಗಡಿಯವರ ಅಂದಾಜು ಪಟ್ಟಿಯು ವಿನ್ಯಾಸವಲ್ಲ. ಅರ್ಹ ಇಂಜಿನಿಯರರಿಂದ ನಕ್ಷೆ ಪಡೆದು, ಸಂಬಂಧಿಸಿದ ಗ್ರಾಮ ಪಂಚಾಯತಿ ಅಥವಾ ನಗರ ಸ್ಥಳೀಯ ಸಂಸ್ಥೆಯ ಪರವಾನಗಿಯೊಂದಿಗೆ ಕಾಮಗಾರಿ ಆರಂಭಿಸುವುದು. ನಕ್ಷೆಯಲ್ಲಿ ಬುನಾದಿ ಬೋಲ್ಟುಗಳ ವ್ಯಾಸ, ಉದ್ದ ಮತ್ತು ಸಂಖ್ಯೆ ನಮೂದಾಗಿರುವುದನ್ನು ಮಾಲೀಕರು ಸ್ವತಃ ನೋಡಿಕೊಳ್ಳಬೇಕು. ಕಾಂಕ್ರೀಟ್ ಹಾಕಿದ ಮೇಲೆ ಅವನ್ನು ಪರಿಶೀಲಿಸುವುದು ಕಷ್ಟಸಾಧ್ಯ.