ಗರ್ಭ ತಡೆಯಲು ಹೊರಟ ಗುಳಿಗೆ

“ಗಂಟು ತಗದಾರಲ್ಲ, ಇನ್ನ ಯಾಕ ಈ ಗುಳಿಗಿ?” ನಮ್ಮ ರೂಪನಗುಡಿ ಕಡೆ ಹೀಗೆ ಕೇಳಿದರೆ ಅದು ನ್ಯಾಯವಾದ ಪ್ರಶ್ನೆಯೇ. ಸ್ತನ ಕ್ಯಾನ್ಸರಿನ ಆಪರೇಷನ್ ಆದಮೇಲೆ ವರ್ಷಗಟ್ಟಲೆ ನುಂಗುವ ಟಮಾಕ್ಸಿಫೆನ್ ಕಥೆ ಸ್ವಾರಸ್ಯವಾಗಿದೆ.

ಅಂಡಾಶಯ ತೆಗೆದರೆ ಕೆಲವರ ಗಡ್ಡೆ ಕರಗುತ್ತದೆ ಅಂತ ಗ್ಲಾಸ್ಗೋದ ಡಾ. ಜಾರ್ಜ್ ಬೀಟ್ಸನ್ 1896ರಲ್ಲೇ ಬರೆದಿದ್ದರು. ಕಾರಣ ಈಸ್ಟ್ರೋಜೆನ್ ಅನ್ನೋದು ತಿಳಿದದ್ದು ಬಹಳ ಆಮೇಲೆ.

1962ರಲ್ಲಿ ಇಂಗ್ಲೆಂಡಿನ ಐಸಿಐ ಕಂಪನಿಯ ಡೋರಾ ರಿಚರ್ಡ್‌ಸನ್ ಟಮಾಕ್ಸಿಫೆನ್ ತಯಾರಿಸಿದ್ದು ಕ್ಯಾನ್ಸರಿಗಲ್ಲ ಸ್ವಾಮಿ, ಗರ್ಭ ತಡೆಯೋದಕ್ಕೆ! ಇಲಿಗಳಲ್ಲಿ ಕೆಲಸ ಮಾಡಿತು, ಹೆಂಗಸರಲ್ಲಿ ಉಲ್ಟಾ ಹೊಡೆದು ಅಂಡ ಬಿಡುಗಡೆಯಾಗಲು ಸಹಾಯ ಮಾಡಿತು :) (ಲಕ್ನೋದ ಸಿಡಿಆರ್‌ಐ ತಯಾರಿಸಿ 1991ರಲ್ಲಿ ಬಂದ ‘ಸಹೇಲಿ’ ಇದರ ತಂಗಿಯಂಥದ್ದು, ಅದು ಗರ್ಭನಿರೋಧಕವಾಗಿಯೇ ಗೆದ್ದಿತು.) ಮ್ಯಾಂಚೆಸ್ಟರಿನ ಕ್ರಿಸ್ಟಿ ಆಸ್ಪತ್ರೆಯ ಕ್ಯಾನ್ಸರ್ ಪ್ರಯೋಗ 1971ರಲ್ಲಿ ಪ್ರಕಟವಾಯಿತು. 1973ರಲ್ಲಿ ಬ್ರಿಟನ್ನಿನಲ್ಲಿ ಒಪ್ಪಿಗೆ ಸಿಕ್ಕಿತು. ಅದೇ ವರ್ಷ ಬೆಂಗಳೂರಿನಲ್ಲಿ ಕಿದ್ವಾಯಿ ಸಂಸ್ಥೆ ಶುರುವಾಯಿತು.

ಈಗ ಆ ಪ್ರಶ್ನೆಗೆ ಬರೋಣ. ಗಂಟು ಹೋದರೂ ಕಣ್ಣಿಗೆ ಕಾಣದ ಕೋಶಗಳು ಮೈಯಲ್ಲಿ ಉಳಿದಿರಬಹುದು. ಅವುಗಳಲ್ಲಿ ಈಸ್ಟ್ರೋಜೆನ್ ಕೂರುವ ಜಾಗಕ್ಕೆ ಈ ಗುಳಿಗೆ ಬಸ್ಸಿನ ಸೀಟಿಗೆ ಟವೆಲ್ ಹಾಕಿದ ಹಾಗೆ ಮೊದಲೇ ಕೂತುಬಿಡುತ್ತದೆ. ಟವೆಲ್ ತೆಗೆದರೆ ಸೀಟು ಖಾಲಿ! ಅದಕ್ಕೇ ಒಂದೆರಡು ವರ್ಷ ಕೊಡುತ್ತಿದ್ದದ್ದು ಐದಾಯಿತು. ಹಾರ್ಮೋನಿಗೆ ಸ್ಪಂದಿಸುವ ಕ್ಯಾನ್ಸರ್ ಇದ್ದವರು ಹತ್ತು ವರ್ಷ ತೆಗೆದುಕೊಂಡರೆ ರೋಗ ಮರುಕಳಿಸೋದೂ ಸಾವೂ ಇನ್ನಷ್ಟು ಕಡಿಮೆ ಅಂತ 2012ರ ಅಟ್ಲಾಸ್ ಅಧ್ಯಯನ ತೋರಿಸಿತು.

ಕಷ್ಟವೂ ಉಂಟು. ಮೈ ಝಳ ಹೊಡೆದು ಬೆವರುತ್ತದೆ, ಅದೂ ಬಳ್ಳಾರಿ ಬಿಸಿಲಲ್ಲಿ. ಅಪರೂಪಕ್ಕೆ ಗರ್ಭಕೋಶದ ಕ್ಯಾನ್ಸರ್, ರಕ್ತ ಹೆಪ್ಪುಗಟ್ಟುವ ಅಪಾಯ. ಮುಟ್ಟು ನಿಂತವರಿಗೆ ರಕ್ತ ಕಂಡರೆ ಡಾಕ್ಟರಿಗೆ ಕೂಡಲೇ ಹೇಳಬೇಕು. ಎಷ್ಟೋ ಜನ ಹೇಳದೆ ಗುಳಿಗೆಯನ್ನೇ ಬಿಟ್ಟುಬಿಡುತ್ತಾರೆ.