ಎಳ್ಳು ಬೆಲ್ಲಕ್ಕೂ ಮೊದಲೇ ತಿರುಗುವ ಸೂರ್ಯ

ಗುಬ್ಬಿ ತಾಲ್ಲೂಕಿನ ಚೇಳೂರಿನಲ್ಲಿ ಡಿಸೆಂಬರ್ 22ರ ನಡುಹಗಲು ಒಂದು ಮೀಟರ್ ಕೋಲನ್ನು ನೆಟ್ಟಗೆ ನಿಲ್ಲಿಸಿದರೆ ಅದರ ನೆರಳು ಉತ್ತರಕ್ಕೆ ಸುಮಾರು ಮುಕ್ಕಾಲು ಮೀಟರ್ ಚಾಚುತ್ತದೆ. ನಡುಹಗಲ ನೆರಳು ವರ್ಷದಲ್ಲಿ ಅತಿ ಉದ್ದವಾಗುವುದು ಆಗಲೇ. ಅನಂತರ ಅದು ಕುಗ್ಗತೊಡಗುತ್ತದೆ. ಅಂದರೆ ಸೂರ್ಯ ಉತ್ತರಕ್ಕೆ ತಿರುಗಿದ. ಆದರೆ ಎಳ್ಳು ಬೆಲ್ಲ ಬೀರುವುದು, ದನಗಳಿಗೆ ಕಿಚ್ಚು ಹಾಯಿಸುವುದು ಜನವರಿ 14 ಅಥವಾ 15ರಂದು. ನಡುವೆ ಈ ಮೂರು ವಾರಗಳ ಅಂತರ ಬಂದದ್ದು ಹೇಗೆ?

ಆಕಾಶದ ವಿಷುವದ್ವೃತ್ತದಿಂದ ಸೂರ್ಯ ಉತ್ತರಕ್ಕೋ ದಕ್ಷಿಣಕ್ಕೋ ಸರಿಯುವ ದೂರವನ್ನು ನಮ್ಮ ಗಣಿತಜ್ಞರು ‘ಕ್ರಾಂತಿ’ ಎಂದು ಕರೆದರು. ಇದರ ಮಿತಿ 24 ಡಿಗ್ರಿ ಎಂಬುದು ಆರ್ಯಭಟನ ಲೆಕ್ಕ. ಇಂದಿನ ಅಳತೆಯಲ್ಲಿ ಅದು ಸುಮಾರು 23.4 ಡಿಗ್ರಿ. ಚೇಳೂರು ಇರುವುದು 13 ಡಿಗ್ರಿಗಿಂತ ತುಸು ಉತ್ತರದಲ್ಲಿ. ಆದ್ದರಿಂದ ಏಪ್ರಿಲ್ ಕೊನೆಯ ವಾರ ಮತ್ತು ಆಗಸ್ಟ್ ಮಧ್ಯದಲ್ಲಿ ಸೂರ್ಯ ಅಲ್ಲಿ ನೆತ್ತಿಯ ಮೇಲೆ ಬಂದು, ಕೋಲಿನ ನೆರಳು ಬುಡದಲ್ಲೇ ಅಡಗುತ್ತದೆ.

ಉತ್ತರಾಯಣ ನಿರ್ಧಾರವಾಗುವುದು ಈ ಕ್ರಾಂತಿಯಿಂದ. ಮಕರ ಸಂಕ್ರಾಂತಿಯಾದರೋ ನಕ್ಷತ್ರಗಳ ನಡುವೆ ಸೂರ್ಯ ಮಕರ ರಾಶಿಯನ್ನು ಹೊಗುವ ದಿನ. ಭೂಮಿಯ ಅಕ್ಷ ಬುಗುರಿಯಂತೆ ಓಲಾಡುತ್ತ ಸುಮಾರು 26 ಸಾವಿರ ವರ್ಷಕ್ಕೊಂದು ಸುತ್ತು ಮುಗಿಸುವುದರಿಂದ, ಈ ಎರಡು ದಿನಗಳು 60-70 ವರ್ಷಕ್ಕೊಂದು ದಿನದಂತೆ ದೂರವಾಗುತ್ತಿವೆ. 6ನೇ ಶತಮಾನದ ವರಾಹಮಿಹಿರನ ಕಾಲದಲ್ಲಿ ಎರಡೂ ಹೆಚ್ಚು ಕಡಿಮೆ ಕೂಡಿಯೇ ಇದ್ದವು. ಹಿಂದೆ ಅಯನ ಬೇರೆಡೆ ತಿರುಗುತ್ತಿತ್ತೆಂಬ ಹಳೆಯ ಶಾಸ್ತ್ರಗಳ ಮಾತನ್ನೂ ಆತ ದಾಖಲಿಸಿದ್ದಾನೆ. ಚಾಲುಕ್ಯ, ಹೊಯ್ಸಳ ಶಾಸನಗಳಲ್ಲಿ ‘ಉತ್ತರಾಯಣ ಸಂಕ್ರಮಣ’ದಂದು ಕೊಟ್ಟ ದಾನಗಳ ಉಲ್ಲೇಖ ಮತ್ತೆ ಮತ್ತೆ ಬರುತ್ತದೆ. 12ನೇ ಶತಮಾನದ ಹೊತ್ತಿಗೆ ಅಂತರ ಸುಮಾರು 10 ದಿನಗಳಾಗಿತ್ತು. ಆದರೂ ಹೆಸರು ಮಾತ್ರ ಬದಲಾಗಲಿಲ್ಲ.

ಚಂದ್ರನ ಆಟ ಇನ್ನೂ ಚುರುಕು. ಅವನ ಹಾದಿ ಸೂರ್ಯನ ಹಾದಿಗೆ ಸುಮಾರು 5 ಡಿಗ್ರಿ ಓರೆ. ರಾಹು ಕೇತು ಎನ್ನುವ ಛೇದನ ಬಿಂದುಗಳು 18.6 ವರ್ಷಕ್ಕೊಮ್ಮೆ ಸುತ್ತು ಬರುವುದರಿಂದ ಚಂದ್ರನ ಕ್ರಾಂತಿಯ ಮಿತಿ 18ರಿಂದ 28 ಡಿಗ್ರಿಗಳ ನಡುವೆ ಹಿಗ್ಗಿ ಕುಗ್ಗುತ್ತದೆ. 2024-25ರಲ್ಲಿ ಅದು ಗರಿಷ್ಠಕ್ಕೇರಿತ್ತು. ಆಗ ಚಳಿಗಾಲದ ಹುಣ್ಣಿಮೆ ಚಂದ್ರ ಚೇಳೂರಿನ ನೆತ್ತಿಯಿಂದ ಸುಮಾರು 15 ಡಿಗ್ರಿ ಉತ್ತರಕ್ಕೆ ವಾಲಿ ಸಾಗಿದ. 2034ರ ಸುಮಾರಿಗೆ ಈ ವಾಲು 5 ಡಿಗ್ರಿಗೆ ಇಳಿಯಲಿದೆ.

ಮೇಘನಾದ ಸಹಾ ಅಧ್ಯಕ್ಷತೆಯ ಪಂಚಾಂಗ ಸುಧಾರಣಾ ಸಮಿತಿ ತಿಂಗಳುಗಳನ್ನು ಮತ್ತೆ ಅಯನಕ್ಕೇ ಕಟ್ಟಿತು. 1957ರ ಮಾರ್ಚ್ 22ರಂದು ಜಾರಿಗೆ ಬಂದ ರಾಷ್ಟ್ರೀಯ ಪಂಚಾಂಗದಲ್ಲಿ ಪೌಷ ಮಾಸ ಶುರುವಾಗುವುದು ಡಿಸೆಂಬರ್ 22ಕ್ಕೆ. ಸುಗ್ಗಿಯ ಹಬ್ಬ ಮಾತ್ರ ಜನವರಿಯಲ್ಲೇ ಉಳಿಯಿತು. ಅದು ತಪ್ಪು ದಿನವೇನಲ್ಲ. ನಕ್ಷತ್ರದ ಲೆಕ್ಕದಲ್ಲಿ ಅದು ಸರಿಯೇ. ಸೂರ್ಯ ತಿರುಗುವ ದಿನ ತಿಳಿಯಬೇಕಾದವರು ಮಾತ್ರ ಕೋಲಿನ ನೆರಳನ್ನೇ ಕೇಳಬೇಕು.